ಕೆಮಿಸ್ಟ್ರಿ ಪೇಪರ್ ಬರೆದು ಬಂದವರು ಉತ್ತರ ತಾಳೆ ನೋಡುವ ಬಗೆ

ಮಾರ್ಚ್ ತಿಂಗಳ ಮಧ್ಯಾಹ್ನ ಬಾಗಲಕೋಟೆ ನವನಗರದಲ್ಲಿ ನಾಯಿಗಳು ಕೂಡ ನೆರಳು ಬಿಟ್ಟು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಮನೆಯ ಗೇಟು ಕಿರ್ ಎಂದರೆ ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪೇಪರ್ ಮುಗಿಯಿತು ಅಂತಲೇ ಅರ್ಥ. ಕಟ್ಟೆಯ ಮೇಲೆ ನಾಲ್ಕೈದು ರಟ್ಟುಗಳು ದಬದಬ ಬೀಳುತ್ತವೆ. ಆಮೇಲೆ ಒಂದೇ ಪಲ್ಲವಿ: "ಸರ್, ಪೇಪರ್ ಬಾಳ ಟಫ್ ಇತ್ರಿ. ನಂದು ಹೋತ್ರಿ."

ಪಿಯು ಕಾಲೇಜುಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವನು ನಾನು. ಬಹಳ ವರ್ಷ ಮೌಲ್ಯಮಾಪನಕ್ಕೂ ಹೋಗಿ ಬಂದಿದ್ದೇನೆ. ಹಳೆ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಇಲ್ಲಿ ಸೆಕ್ಟರಿನಲ್ಲಿ ಮನೆ ಕಟ್ಟಿಸಿದೆವು. ಆಗ ನಾನು ಹಟ ಹಿಡಿದು ಮಾಡಿಸಿಕೊಂಡದ್ದು ಈ ಕಟ್ಟೆಯನ್ನು ಮಾತ್ರ. ಈಗ ಅದು ಪರೀಕ್ಷೆಯ ಪಂಚಾಯ್ತಿ ಕಟ್ಟೆ ಆಗಿದೆ.

"ಪರೀಕ್ಷೆ ಮುಗಿದ ಮೇಲೆ ಉತ್ತರ ಚರ್ಚೆ ಮಾಡಬೇಡಿ" ಎಂದು ಎಲ್ಲರೂ ಹೇಳುತ್ತಾರೆ. ನಾನೂ ಬಹಳ ವರ್ಷ ಹೇಳಿದೆ. ಯಾರೂ ಕೇಳಲಿಲ್ಲ. ಕೇಳುವುದೂ ಇಲ್ಲ ಬಿಡಿ, ಮೂರು ತಾಸು ಒಳಗೆ ಅದುಮಿಟ್ಟುಕೊಂಡದ್ದು ಹೊರಗೆ ಬರಲೇಬೇಕು. ಹಾಗಾಗಿ ಬೇಡ ಎನ್ನುವುದನ್ನು ಬಿಟ್ಟೆ. ಮಾಡುವುದಾದರೆ ಸರಿಯಾಗಿ ಮಾಡಿ ಅಂತ ಶುರು ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮದು ನೀವು ಬರೆದುಕೊಳ್ಳಿ

ಸೆಂಟರಿನ ಗೇಟಿನ ಮುಂದೆ ಬಾಯಿ ಬಿಡಬೇಡಿ. ಅಲ್ಲಿ ನಡೆಯುವುದು ತಾಳೆ ನೋಡುವುದಲ್ಲ, ಸಂತೆ. ಒಬ್ಬ "12ನೇದಕ್ಕ ಏನ್ ಬರ್ದಿ?" ಅಂತಾನೆ, ಇನ್ನೊಬ್ಬ 21ನೇದು ಹೇಳುತ್ತಾನೆ, ಮೂರನೆಯವನು ಬಸ್ಸು ಹತ್ತುತ್ತಾ "ಅದು ತಪ್ಪಲೇ" ಎಂದು ಕೂಗಿ ಹೋಗಿಬಿಡುತ್ತಾನೆ. ಅವನು ಯಾವುದನ್ನು ತಪ್ಪು ಅಂದ ಎಂಬುದು ಸಂಜೆವರೆಗೂ ಗೊತ್ತಾಗುವುದಿಲ್ಲ, ನಿಮ್ಮ ಊಟ ಮಾತ್ರ ಕೆಡುತ್ತದೆ.

ಮನೆಗೆ ಬಂದು ನೀರು ಕುಡಿಯಿರಿ, ಉಣ್ಣಿರಿ. ನಮ್ಮ ಮನೆಗೆ ಬಂದವರಿಗೆ ನಮ್ಮ ಮನೆಯವರು ಮೊದಲು ಲಿಂಬು ಶರಬತ್ತು ಕೊಡುತ್ತಾರೆ. ಲೋಟ ಖಾಲಿ ಆಗುವ ತನಕ ಪೇಪರಿನ ಮಾತಿಲ್ಲ. ಅದು ಅವರ ಕಾನೂನು, ನಂದಲ್ಲ.

ಆಮೇಲೆ ಪ್ರಶ್ನೆಪತ್ರಿಕೆ ತೆಗೆದು ಪೆನ್ಸಿಲ್ಲಿನಲ್ಲಿ, ಒಬ್ಬರೇ ಕೂತು, ಪ್ರತಿ ಪ್ರಶ್ನೆಯ ಪಕ್ಕದಲ್ಲಿ ನೀವು ಏನು ಬರೆದಿರಿ ಎಂದು ಗುರುತು ಹಾಕಿ. ಉತ್ತರ ಸರಿಯೋ ತಪ್ಪೋ ಈಗ ಬೇಡ. ಏನು ಬರೆದೆ ಎನ್ನುವುದಷ್ಟೇ ಬೇಕು. ಪ್ರಾಬ್ಲಂ ಆದರೆ ಫಾರ್ಮುಲಾ ಬರೆದೆನೋ ಇಲ್ಲವೋ, ಯಾವ ಸಂಖ್ಯೆ ಹಾಕಿದೆ, ಕೊನೆಗೆ ಎಷ್ಟು ಬಂತು, ಯುನಿಟ್ ಹಾಕಿದೆನೋ. ಸಮೀಕರಣ ಆದರೆ ಬಾಣದ ಮೇಲೆ ಏನು ಬರೆದೆ. ನೆನಪಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಚಾಯ್ಸ್‌ನಲ್ಲಿ ಬಿಟ್ಟದ್ದಕ್ಕೆ ಅಡ್ಡಗೆರೆ ಎಳೆಯಿರಿ. ಅರ್ಧ ಜಗಳ ಹುಟ್ಟುವುದೇ ಒಬ್ಬ ಬರೆಯದ ಪ್ರಶ್ನೆಯನ್ನು ಇನ್ನೊಬ್ಬ ಬರೆದಾಗ.

ಇದನ್ನು ಯಾರ ಜೊತೆ ಮಾತಾಡುವುದಕ್ಕೂ ಮೊದಲೇ ಮಾಡಬೇಕು. ಯಾಕೆ ಅಂತ ನನ್ನ ಕಥೆ ಹೇಳುತ್ತೇನೆ.

ನಾನು ಪಿಯುಸಿ ಬರೆದದ್ದು ಹಳೆ ಬಾಗಲಕೋಟೆಯಲ್ಲಿ. ಪೇಪರಿನಲ್ಲಿ ಬೆಂಝಾಲ್ಡಿಹೈಡ್‌ಗೆ ಗಟ್ಟಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಏನಾಗುತ್ತದೆ ಅಂತ ಕೇಳಿದ್ದರು. ನಾನು ಬೆಂಝೈಲ್ ಆಲ್ಕೋಹಾಲ್ ಮತ್ತು ಸೋಡಿಯಂ ಬೆಂಝೋಯೇಟ್ ಅಂತ ಬರೆದೆ. ಹೊರಗೆ ಬಂದರೆ ನಾಲ್ಕು ಮಂದಿ ಗೆಳೆಯರು ಒಂದೇ ಬಾಯಲ್ಲಿ "ಆಲ್ಡಾಲ್ ಕಂಡೆನ್ಸೇಶನ್" ಅಂದರು. ಅದರಲ್ಲಿ ಒಬ್ಬನ ದನಿ ಬಾಳ ಜೋರು. ನಾನು ಒಬ್ಬನೇ, ಅವರು ನಾಲ್ವರು. ರಾತ್ರಿ ಹೊತ್ತಿಗೆ ನನಗೆ ನಾನು ಏನು ಬರೆದಿದ್ದೆ ಎಂಬುದೇ ಮಸುಕಾಗಿತ್ತು. ಬೆಂಝೋಯೇಟ್ ಬರೆದೆನೋ, ಬರೆದು ಹೊಡೆದು ಹಾಕಿದೆನೋ? ನಿದ್ದೆ ಬರಲಿಲ್ಲ. ಮರುದಿನದ ಪೇಪರಿನಲ್ಲಿ ಬರುತ್ತಿದ್ದ ಲೆಕ್ಕವನ್ನೂ ಬಿಟ್ಟು ಬಂದೆ. ಪರೀಕ್ಷೆ ಎಲ್ಲ ಮುಗಿದ ಮೇಲೆ ಪುಸ್ತಕ ತೆಗೆದು ನೋಡುತ್ತೇನೆ, ಆಲ್ಡಾಲ್ ಆಗಬೇಕಾದರೆ ಆಲ್ಫಾ ಹೈಡ್ರೋಜನ್ (ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್) ಇರಬೇಕು, ಬೆಂಝಾಲ್ಡಿಹೈಡ್‌ನಲ್ಲಿ ಅದು ಇಲ್ಲವೇ ಇಲ್ಲ. ಅದು ಕ್ಯಾನಿಝಾರೊ ಕ್ರಿಯೆ. ನಂದೇ ಸರಿ ಇತ್ತು! ಆ ಜೋರು ದನಿಯವ ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸಿಕ್ಕಾಗೆಲ್ಲ ನಾನು "ಏನಪಾ, ಆಲ್ಫಾ ಹೈಡ್ರೋಜನ್ ಸಿಕ್ತೇನು?" ಅಂತೀನಿ. ಅವನು ಚಹಾ ತರಿಸುತ್ತಾನೆ.

ಯಾರ ಜೊತೆ, ಹ್ಯಾಗೆ

ಮೂರು ಮಂದಿ ಸಾಕು, ನಾಲ್ಕಾದರೆ ಗರಿಷ್ಠ. ನಿಮಗಿಂತ ಸ್ವಲ್ಪ ಚೆನ್ನಾಗಿ ಓದುವವರು ಒಬ್ಬರಿರಲಿ. "ನಂದು ಔಟ್ ಆಫ್ ಔಟ್" ಎನ್ನುವವನನ್ನು ದಯವಿಟ್ಟು ಕರೆಯಬೇಡಿ. "70ಕ್ಕ 70 ಅಟೆಂಡ್ ಮಾಡೀನಿ" ಎಂದು ಹೇಳಿಕೊಂಡು ತಿರುಗುವವರೂ ಬೇಡ. ಅಟೆಂಡ್ ಮಾಡುವುದು ಬೇರೆ, ಮಾರ್ಕ್ಸ್ ಬರುವುದು ಬೇರೆ.

ಕಟ್ಟೆಯ ಮೇಲೆ ನಾನು ಒಂದು ಪದ್ಧತಿ ಇಟ್ಟಿದ್ದೇನೆ. ಹೋದ ವರ್ಷದ ಕ್ಯಾಲೆಂಡರ್ ಹಾಳೆಗಳನ್ನು ಹರಿದು ಚೀಟಿ ಮಾಡಿಟ್ಟಿರುತ್ತೇನೆ. ಒಂದು ಪ್ರಶ್ನೆ ಓದುತ್ತೇವೆ. ಎಲ್ಲರೂ ತಮ್ಮ ಉತ್ತರವನ್ನು ಚೀಟಿಯ ಹಿಂಬದಿ ಬರೆದು ಕವುಚಿ ಇಡಬೇಕು. ಎಲ್ಲರದೂ ಆದ ಮೇಲೆ ಒಟ್ಟಿಗೆ ತಿರುಗಿಸುವುದು. ಇಸ್ಪೀಟ್ ಆಟದ ಹಾಗೆ. ನೋಡಿದವರು ನಗುತ್ತಾರೆ, ನಗಲಿ. ಬಾಯಿಂದ ಹೇಳಿಸಿದರೆ ಮೊದಲು ಹೇಳಿದವನ ಉತ್ತರವೇ ಉಳಿದವರದೂ ಆಗುತ್ತದೆ. "ಹೂಂ, ನಂದೂ ಹಂಗೇ ಐತಿ" ಎಂದು ಸಣ್ಣ ದನಿಯಲ್ಲಿ ಹೇಳುವ ಹುಡುಗಿಯ ಚೀಟಿಯಲ್ಲೇ ಎಷ್ಟೋ ಸಲ ಸರಿ ಉತ್ತರ ಇರುತ್ತದೆ.

ಚೀಟಿಗಳು ಎಲ್ಲ ಒಂದೇ ಆಗಿದ್ದರೆ ಮುಂದಿನ ಪ್ರಶ್ನೆ. ಬೇರೆ ಬೇರೆ ಇದ್ದರೆ ವೋಟು ಹಾಕುವುದಲ್ಲ, ಪುಸ್ತಕ ತೆಗೆಯುವುದು. ಮೂರು ಮಂದಿ ಒಂದು ಕಡೆ ಇದ್ದಾರೆ ಅನ್ನುವುದಕ್ಕೆ ಕೆಮಿಸ್ಟ್ರಿಯಲ್ಲಿ ಬೆಲೆ ಇಲ್ಲ, ಅದನ್ನು ನಾನು ಅನುಭವಿಸಿದ್ದೇನೆ.

ಪ್ರಾಬ್ಲಂಗಳಿಂದ ಶುರು ಮಾಡಿ

ಎಲ್ಲರೂ ಒಂದು ಮಾರ್ಕಿನ ಪ್ರಶ್ನೆಗಳಿಂದ ಶುರು ಮಾಡುತ್ತಾರೆ. ಅದು ಸುಲಭ ಅಂತ. ನಾನು ಲೆಕ್ಕಗಳಿಂದ ಶುರು ಮಾಡಿಸುತ್ತೇನೆ. ಲೆಕ್ಕವನ್ನು ಪುಸ್ತಕ ಇಲ್ಲದೇ ಅಲ್ಲೇ ಮತ್ತೆ ಮಾಡಿ ನೋಡಬಹುದು, ಯಾರ ಮಾತನ್ನೂ ನಂಬಬೇಕಾಗಿಲ್ಲ. ಇನ್ನೊಂದು ಕಾರಣ, ಜಾಸ್ತಿ ಅಳು ಬರುವುದು ಇದರಲ್ಲೇ.

ಒಂದು ವರ್ಷ ಕಟ್ಟೆಯ ಮೇಲೆ ನಡೆದದ್ದು ಹೇಳುತ್ತೇನೆ. ಲೆಕ್ಕ ಹೀಗಿತ್ತು: ಒಂದು ಫಸ್ಟ್ ಆರ್ಡರ್ ಕ್ರಿಯೆ 40 ನಿಮಿಷದಲ್ಲಿ ಶೇ. 30ರಷ್ಟು ಮುಗಿಯುತ್ತದೆ, ರೇಟ್ ಕಾನ್ಸ್ಟಂಟ್ (ವೇಗದ ಸ್ಥಿರಾಂಕ) ಮತ್ತು ಹಾಫ್ ಲೈಫ್ (ಅರ್ಧ ಮುಗಿಯಲು ಬೇಕಾದ ಕಾಲ) ಕಂಡುಹಿಡಿಯಿರಿ. ಚೀಟಿ ತಿರುಗಿಸಿದಾಗ ರೇಟ್ ಕಾನ್ಸ್ಟಂಟ್‌ಗೆ ನಾಲ್ಕು ಬೇರೆ ಬೇರೆ ಉತ್ತರ. ಒಬ್ಬನದು 0.00892. ಒಬ್ಬಳದು 0.00893. ಇನ್ನೊಬ್ಬನದು 0.000149. ಕೊನೆಯವಳದು 0.0301. ಒಂದು ಕ್ಷಣ ಎಲ್ಲರೂ ಸುಮ್ಮನಾದರು, ಆಮೇಲೆ ಎಲ್ಲರೂ ಕೂಡಿಯೇ ಮಾತಾಡಿದರು.

ನಾನು ಸೀಮೆಸುಣ್ಣ ತಂದು ಕಟ್ಟೆಯ ಕಲ್ಲಿನ ಮೇಲೆ ಬರೆಸಿದೆ. ಫಾರ್ಮುಲಾ: 2.303ನ್ನು ಕಾಲದಿಂದ ಭಾಗಿಸಿ, ಅದನ್ನು ಮೊದಲಿದ್ದದ್ದರ ಮತ್ತು ಉಳಿದದ್ದರ ಅನುಪಾತದ ಲಾಗ್‌ನಿಂದ ಗುಣಿಸಬೇಕು. ಮೊದಲಿದ್ದದ್ದು 100, ಮುಗಿದದ್ದು 30, ಉಳಿದದ್ದು 70. 100 ಭಾಗಿಸು 70 ಅಂದರೆ ಸುಮಾರು 1.429, ಅದರ ಲಾಗ್ 0.155. 2.303 ಭಾಗಿಸು 40 ಅಂದರೆ 0.0576. ಗುಣಿಸಿದರೆ ನಿಮಿಷಕ್ಕೆ 0.0089ರ ಆಸುಪಾಸು.

ಈಗ ಒಂದೊಂದೇ ಚೀಟಿ ನೋಡಿ. 0.00892 ಮತ್ತು 0.00893 ಎರಡೂ ಸರಿ. ಒಬ್ಬ ಗುಣಾಕಾರ ಭಾಗಾಕಾರಕ್ಕೆ ಕ್ಯಾಲ್ಕುಲೇಟರ್ ಒತ್ತಿದ್ದ, ಇನ್ನೊಬ್ಬಳು ಎಲ್ಲದಕ್ಕೂ ಲಾಗ್ ಟೇಬಲ್ ನೋಡಿದ್ದಳು. ಲಾಗ್ ಟೇಬಲ್ ನಾಲ್ಕೇ ಸ್ಥಾನ ಕೊಡುತ್ತದೆ, ನಡುವೆ ಎಲ್ಲೆಲ್ಲಿ ಅಂಕಿ ಕತ್ತರಿಸಿದಿರಿ ಅನ್ನುವುದರ ಮೇಲೆ ಕೊನೆಯ ಅಂಕಿ ಆಚೀಚೆ ಆಗುತ್ತದೆ. ಅದಕ್ಕೆ ಯಾರೂ ಮಾರ್ಕ್ಸ್ ಕತ್ತರಿಸುವುದಿಲ್ಲ. ಆ ಹುಡುಗಿ ಅಷ್ಟಕ್ಕೇ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

0.000149 ಬರೆದವನನ್ನು ಉಳಿದವರು ಆಡಿಕೊಳ್ಳುತ್ತಿದ್ದರು. "ಯುನಿಟ್ ಏನ್ ಹಾಕೀಯೋ ತಮ್ಮಾ?" ಅಂದೆ. "ಸೆಕೆಂಡ್ ಹಾಕೀನ್ರಿ ಸರ್. 40 ನಿಮಿಷಾನ 2400 ಸೆಕೆಂಡ್ ಮಾಡ್ಕೊಂಡೆ." 0.00892ನ್ನು 60ರಿಂದ ಭಾಗಿಸಿ ನೋಡಿದೆವು, 0.000149. ಅವನದೂ ಸರಿ. ಯುನಿಟ್ ಇಲ್ಲದ ಉತ್ತರವನ್ನು ತಾಳೆ ನೋಡುವುದು ಅಂದರೆ ಕಿಲೋ ಲೆಕ್ಕದ ಜೋಳವನ್ನು ಸೇರಿನ ಲೆಕ್ಕದ ಜೋಳದ ಜೊತೆ ಹೋಲಿಸಿದಂತೆ. ಮೊದಲು ಯುನಿಟ್, ಆಮೇಲೆ ಅಂಕಿ.

ಉಳಿದದ್ದು 0.0301. ಆ ಹುಡುಗಿ ಕಲಾದಗಿ ಕಡೆಯಿಂದ ಬರುವವಳು, ಮಾತು ಕಡಿಮೆ. "ನಂದ್ ತಪ್ಪೈತ್ರಿ" ಅಂದಳು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಹಾಫ್ ಲೈಫ್ ಎಷ್ಟ್ ಬಂತವ್ವಾ?" "23 ನಿಮಿಷ ಬಂತ್ರಿ." "40 ನಿಮಿಷಕ್ಕ ಎಷ್ಟ್ ಮುಗದೈತಿ?" "ಮೂವತ್ತು..." ಅಂದು ಅಲ್ಲೇ ನಿಂತಳು. ನಲವತ್ತು ನಿಮಿಷಕ್ಕೂ ಅರ್ಧ ಮುಗಿಯದ ಕ್ರಿಯೆ 23 ನಿಮಿಷದಲ್ಲಿ ಅರ್ಧ ಮುಗಿಯುವುದು ಹ್ಯಾಗೆ? ಉಳಿದದ್ದು 70 ಹಾಕುವ ಕಡೆ ಮುಗಿದದ್ದು 30 ಹಾಕಿದ್ದಳು. ಸರಿಯಾದ ಹಾಫ್ ಲೈಫ್ ಸುಮಾರು 77.7 ನಿಮಿಷ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಪಕ್ಕದವರ ಉತ್ತರ ಕೇಳುವ ಮೊದಲು ನಿಮ್ಮ ಉತ್ತರವನ್ನು ಪ್ರಶ್ನೆಯ ಮುಂದೆಯೇ ಇಟ್ಟು ನೋಡಿ. ನೀರಿಗೆ ಗ್ಲೂಕೋಸ್ ಹಾಕಿದರೆ ಕುದಿಯುವ ಬಿಂದು ಏರಬೇಕು. ನಿಮ್ಮ ಉತ್ತರ 373.15 ಕೆಲ್ವಿನ್‌ಗಿಂತ ಕಡಿಮೆ ಬಂದಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಒಂದು ಕೆಜಿ ನೀರಿಗೆ 18 ಗ್ರಾಂ ಗ್ಲೂಕೋಸ್ ಹಾಕುವ ಲೆಕ್ಕದಲ್ಲಿ ಒಬ್ಬ 0.052 ಬರೆದು ಬರುತ್ತಾನೆ, ಇನ್ನೊಬ್ಬ 373.202. ಮೊದಲನೆಯವನು ಏರಿದ್ದು ಎಷ್ಟು ಅಂತ ಹೇಳಿದ್ದಾನೆ, ಎರಡನೆಯವನು ಏರಿ ಎಲ್ಲಿಗೆ ಮುಟ್ಟಿತು ಅಂತ. ಪ್ರಶ್ನೆ ಏನು ಕೇಳಿದೆ ನೋಡಿ.

ಇನ್ನು ಮಾರ್ಕ್ಸಿನ ಮಾತು. ಮೌಲ್ಯಮಾಪನಕ್ಕೆ ಕೂತಾಗ ನಮ್ಮ ಕೈಯಲ್ಲಿ ಯಾವ ಹೆಜ್ಜೆಗೆ ಎಷ್ಟು ಮಾರ್ಕ್ಸ್ ಅನ್ನುವ ಸ್ಕೀಮ್ ಇರುತ್ತದೆ. ಮೂರು ಮಾರ್ಕಿನ ಲೆಕ್ಕಕ್ಕೆ ಸಾಮಾನ್ಯವಾಗಿ ಫಾರ್ಮುಲಾಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು, ಯುನಿಟ್ ಸಹಿತ ಉತ್ತರಕ್ಕೆ ಒಂದು. ಹಾಗಾಗಿ ಚೀಟಿಯಲ್ಲಿ ಕೊನೆಯ ಉತ್ತರ ಬೇರೆ ಬಂದ ಮಾತ್ರಕ್ಕೆ "ಮೂರೂ ಹೋತು" ಅನ್ನಬೇಡಿ. ಉತ್ತರ ಅಲ್ಲ, ಹೆಜ್ಜೆ ಹೆಜ್ಜೆ ತಾಳೆ ನೋಡಿ. ಎಲ್ಲಿಯವರೆಗೆ ಕೂಡಿ ಬಂದಿರಿ, ಎಲ್ಲಿ ದಾರಿ ಬೇರೆ ಆಯಿತು ಅನ್ನುವುದು ಮುಖ್ಯ.

ಸಮೀಕರಣಗಳಲ್ಲಿ ಬಾಣದ ಮೇಲೆ ಕಣ್ಣಿಡಿ

ಆರ್ಗ್ಯಾನಿಕ್ ಬಂದರೆ ಹುಡುಗರು ಕೊನೆಗೆ ಏನು ಸಿಕ್ಕಿತು ಅನ್ನುವುದನ್ನಷ್ಟೇ ಹೇಳುತ್ತಾರೆ. "ನಂದು ಈಥೀನ್." "ನಂದು ಈಥರ್." ಜಗಳ ಶುರು. ಎಥನಾಲ್‌ಗೆ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಹಾಕಿ 443 ಕೆಲ್ವಿನ್‌ಗೆ ಕಾಯಿಸಿದರೆ ಈಥೀನ್, 413ಕ್ಕೆ ಕಾಯಿಸಿದರೆ ಈಥಾಕ್ಸಿಈಥೇನ್, ಅಂದರೆ ಈಥರ್. ಮೂವತ್ತು ಡಿಗ್ರಿಯಲ್ಲಿ ಪದಾರ್ಥವೇ ಬೇರೆ. ಹಾಗಾಗಿ ಗೆಳೆಯನ ಮುಖ ನೋಡುವ ಮೊದಲು ಪ್ರಶ್ನೆಪತ್ರಿಕೆಯಲ್ಲಿ ಎಷ್ಟು ಕೆಲ್ವಿನ್ ಅಂತ ಇದೆ ನೋಡಿ.

ಪ್ರತಿ ವರ್ಷ ತಪ್ಪದೇ ಆಗುವ ಗೊಂದಲ ಕೋಲ್ಬೆ ಮತ್ತು ರೈಮರ್ ಟೀಮನ್ ಅನ್ನುವ ಎರಡು ಕ್ರಿಯೆಗಳ ನಡುವೆ. ಎರಡೂ ಫೀನಾಲ್‌ನಿಂದ ಶುರು, ಎರಡರಲ್ಲೂ ಸೋಡಿಯಂ ಹೈಡ್ರಾಕ್ಸೈಡ್ ಇದೆ, ಎರಡರ ಉತ್ಪನ್ನದ ಹೆಸರೂ ಸ್ಯಾಲಿಸಿಲ್ ಅಂತಲೇ ಶುರು. ಕಾರ್ಬನ್ ಡೈಆಕ್ಸೈಡ್ ಬಂದರೆ ಕೋಲ್ಬೆ, ಸಿಗುವುದು ಸ್ಯಾಲಿಸಿಲಿಕ್ ಆಸಿಡ್. ಕ್ಲೋರೋಫಾರ್ಮ್ ಬಂದರೆ ರೈಮರ್ ಟೀಮನ್, ಸಿಗುವುದು ಸ್ಯಾಲಿಸಿಲಾಲ್ಡಿಹೈಡ್. ಇಬ್ಬರು ಗೆಳೆಯರು ಅರ್ಧ ತಾಸು ಕಿತ್ತಾಡಿ, ಆಮೇಲೆ ನೋಡಿದರೆ ಒಬ್ಬ ಕೋಲ್ಬೆ ಬರೆದಿದ್ದಾನೆ, ಇನ್ನೊಬ್ಬ ಚಾಯ್ಸ್‌ನಲ್ಲಿದ್ದ ರೈಮರ್ ಟೀಮನ್ ಬರೆದಿದ್ದಾನೆ! ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆಯಿರಿ ಅಂದದ್ದು ಇದಕ್ಕೇ.

ಕೋಆರ್ಡಿನೇಶನ್ ಕಾಂಪೌಂಡ್ ಹೆಸರಿಗೆ ಬಂದರೆ, ಅಣ್ಣ ಅಕ್ಕಂದಿರ ಹಳೆ ನೋಟ್ಸಿನಲ್ಲಿ ಕ್ಲೋರೈಡ್‌ಗೆ ಕ್ಲೋರೊ ಅಂತ ಇರುತ್ತದೆ, ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಕ್ಲೋರಿಡೊ. ಹಳೆ ನೋಟ್ಸ್ ನೋಡಿ ಗಾಬರಿ ಆಗಬೇಡಿ.

ಒಂದು ಮಾರ್ಕಿನವುಗಳಲ್ಲಿ ಜಾಸ್ತಿ ಹೇಳುವುದೇನಿಲ್ಲ. ಹದಿನೈದು ಆಯ್ಕೆಯವು, ಐದು ಬಿಟ್ಟ ಸ್ಥಳ. ಇಲ್ಲಿ ಹೆಜ್ಜೆ ಇಲ್ಲ, ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಂದೇ ಎಚ್ಚರ, ಇದೇ ಪ್ರಶ್ನೆಯನ್ನು ಉತ್ತರಪತ್ರಿಕೆಯಲ್ಲಿ ಎರಡು ಕಡೆ ಬರೆದಿದ್ದರೆ ಮೊದಲು ಬರೆದದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. "ಹಿಂದ ಸರಿ ಮಾಡಿ ಬರ್ದೀನ್ರಿ" ಅಂದರೆ ಆಗುವುದಿಲ್ಲ. ಎಣಿಸುವಾಗ ಮೊದಲನೆಯದನ್ನೇ ಎಣಿಸಿ.

ಯಾರ ಮಾತು ಕೊನೆಯ ಮಾತು

ಪಠ್ಯಪುಸ್ತಕದ್ದು. ನನ್ನದೂ ಅಲ್ಲ. ಚೀಟಿ ಬೇರೆ ಬಂದಾಗ ನಾನೂ ಪುಟ ತಿರುವುತ್ತೇನೆ, ವಯಸ್ಸಾದ ಮೇಲೆ ನೆನಪನ್ನು ನಂಬಬಾರದು.

ಪೇಪರ್ ಮುಗಿದು ಎರಡು ತಾಸಿನೊಳಗೆ ವಾಟ್ಸಾಪಿನಲ್ಲಿ ಕೀ ಆನ್ಸರ್ ಓಡಾಡಲು ಶುರು ಆಗುತ್ತದೆ. ಯಾರು ಮಾಡಿದರು ಗೊತ್ತಿಲ್ಲ, ಅವಸರದಲ್ಲಿ ಕೈಬರಹದಲ್ಲಿ ಬರೆದು ಫೋಟೋ ಹೊಡೆದದ್ದು. ಅದರಲ್ಲಿ ತಪ್ಪು ಇರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಗಂತ ನೋಡಲೇಬೇಡಿ ಅನ್ನುವುದಿಲ್ಲ. ಅದನ್ನೂ ಇನ್ನೊಂದು ಚೀಟಿ ಅಂತ ತಿಳಿಯಿರಿ, ತೀರ್ಪು ಅಂತ ಅಲ್ಲ.

ಹಳೆ ಗೈಡ್‌ಗಳದ್ದು ಬೇರೆ ತಾಪತ್ರಯ. 2023-24ರಿಂದ ನಮ್ಮ ದ್ವಿತೀಯ ಪಿಯುಸಿ ಕೆಮಿಸ್ಟ್ರಿಯಲ್ಲಿ ಹತ್ತೇ ಪಾಠ ಉಳಿದಿವೆ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಮೆಟಲರ್ಜಿ, ಪಿ ಬ್ಲಾಕ್, ಪಾಲಿಮರ್ ಇವೆಲ್ಲ ಹೋದವು. ಅಣ್ಣನ ಗೈಡ್ ಹಿಡಿದು "ಇದು ಯಾಕ ಬಂದಿಲ್ಲ, ಅದು ಯಾಕ ಬಂದೈತಿ" ಎಂದು ತಲೆ ಕೆಡಿಸಿಕೊಳ್ಳಬೇಡಿ.

ಕೂಡಿಸುವ ಲೆಕ್ಕ

ಎಲ್ಲ ಮುಗಿದ ಮೇಲೆ ಎರಡು ಸಾಲು ಮಾಡಿ. ಒಂದರಲ್ಲಿ ಖಾತ್ರಿ ಇರುವ ಮಾರ್ಕ್ಸ್, ಇನ್ನೊಂದರಲ್ಲಿ ಬಂದರೂ ಬರಬಹುದು ಅನ್ನುವವು. ಖಾತ್ರಿ ಸಾಲಿನಲ್ಲಿ ಜಿಪುಣರಾಗಿ. 41 ಖಾತ್ರಿ, 9 ಅನುಮಾನ ಅಂದರೆ ನೀವು 41ರಿಂದ 50ರ ನಡುವೆ ಇದ್ದೀರಿ, ಅಷ್ಟೇ. ಥಿಯರಿ 70ಕ್ಕೆ, ಪ್ರಾಕ್ಟಿಕಲ್ 30ಕ್ಕೆ. ಪ್ರಾಕ್ಟಿಕಲ್ ಮೊದಲೇ ಮುಗಿದಿರುತ್ತದೆ, ಟೈಟ್ರೇಶನ್ ರೀಡಿಂಗ್ ನೆನೆದು ಈಗ ಕೊರಗುವುದು ಬೇಡ.

ಮನೆಯಲ್ಲಿ ಅಪ್ಪ ಕೇಳಿಯೇ ಕೇಳುತ್ತಾರೆ, "ಎಷ್ಟ್ ಬೀಳ್ತಾವು?" ಅಂತ. ಖಾತ್ರಿ ಸಾಲಿನದನ್ನು ಹೇಳಿ. ಅನುಮಾನದ್ದು ನಿಮ್ಮ ಹತ್ತಿರವೇ ಇರಲಿ. ತಂದೆ ತಾಯಿ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಪಕ್ಕದ ಮನೆಯ ಹುಡುಗಿ 68 ಅಂದಳಂತೆ ಅನ್ನುವುದನ್ನು ಆ ದಿನ ಊಟದ ಹೊತ್ತಿನಲ್ಲಿ ಎತ್ತಬೇಡಿ ರೀ.

ಪೆನ್ಸಿಲ್ ಗುರುತಿನ ಪ್ರಶ್ನೆಪತ್ರಿಕೆಯನ್ನು ಎಸೆಯಬೇಡಿ. ರಿಸಲ್ಟ್ ಬಂದ ಮೇಲೆ ಮಾರ್ಕ್ಸ್ ನಿಮ್ಮ ಖಾತ್ರಿ ಸಾಲಿಗಿಂತ ಬಹಳ ಕಡಿಮೆ ಇದ್ದರೆ ಮೊದಲು ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು. ಆಗ ಈ ಗುರುತು ಪಕ್ಕದಲ್ಲಿಟ್ಟುಕೊಂಡು ನೋಡಿ. ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಬೇಕೋ ಬೇಡವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಖಾತ್ರಿ ಸಾಲು ತೀರಾ ಚಿಕ್ಕದಿದ್ದರೆ ಎರಡನೇ ಪರೀಕ್ಷೆ ಅಂತ ಈಗ ಇದೆ. 2024ರಿಂದ ಸಪ್ಲಿಮೆಂಟರಿ ಅನ್ನುವ ಹೆಸರೇ ಹೋಗಿದೆ. ಎಲ್ಲಿ ದಾರಿ ತಪ್ಪಿತು ಅನ್ನುವುದು ಅದೇ ಹಾಳೆಯಲ್ಲಿ ಬರೆದಿರುತ್ತದೆ, ಓದುವುದನ್ನು ಅಲ್ಲಿಂದಲೇ ಶುರು ಮಾಡಬಹುದು.

ಸಿಇಟಿ ಆದರೆ ನಿಯಮ ಬೇರೆ

ಸಿಇಟಿ ಕೆಮಿಸ್ಟ್ರಿ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕತ್ತರಿ ಇಲ್ಲ. ಹೆಜ್ಜೆಯ ಮಾರ್ಕ್ಸೂ ಇಲ್ಲ. ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ. ಒಬ್ಬ ಹುಡುಗಿ ಗೆಳತಿಗೆ ಫೋನ್ ಹಚ್ಚಿ ಒಂದರಿಂದ ಅರವತ್ತರವರೆಗೆ ಉತ್ತರ ಬರೆದುಕೊಂಡಳು. ತನ್ನದರ ಜೊತೆ ಹೋಲಿಸಿದರೆ 14 ಮಾತ್ರ ಕೂಡಿದವು. ಅವರಮ್ಮ ಕರೆದುಕೊಂಡು ಬಂದಾಗ ಅಳುತ್ತಲೇ ಇದ್ದಳು. ನಾನು ಪುಸ್ತಿಕೆಯ ವರ್ಷನ್ ಕೋಡ್ ನೋಡಿದೆ. ಇವಳದು ಎ-2, ಗೆಳತಿಯದು ಸಿ-3. ಪ್ರಶ್ನೆಗಳ ಕ್ರಮವೇ ಬೇರೆ! 14 ಕೂಡಿದ್ದೂ ಬರೀ ಆಕಸ್ಮಿಕ.

ಹಾಗಾಗಿ ಸಿಇಟಿಯಲ್ಲಿ ಪ್ರಶ್ನೆಯ ನಂಬರ್ ಹಿಡಿದು ತಾಳೆ ನೋಡಬೇಡಿ, ಪ್ರಶ್ನೆಯ ಮಾತು ಹಿಡಿದು ನೋಡಿ. ಅದಕ್ಕಿಂತ ಒಳ್ಳೆಯದು, ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ತಾತ್ಕಾಲಿಕ ಕೀ ಬಿಡುವ ತನಕ ತಡೆದುಕೊಳ್ಳಿ. ನಿಮ್ಮ ವರ್ಷನ್ ಕೋಡಿನ ಕೀ, ನಿಮ್ಮ ಹತ್ತಿರ ಇರುವ ಓಎಂಆರ್ (ಉತ್ತರಕ್ಕೆ ಗುರುತು ಹಾಕಿದ ಹಾಳೆ) ಪ್ರತಿ, ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮುಗಿಯಿತು. ಕೀಯಲ್ಲೇ ತಪ್ಪು ಅನ್ನಿಸಿದರೆ ಪುಸ್ತಕದ ಪುಟ ತೋರಿಸಿ ಆಕ್ಷೇಪಣೆ ಹಾಕಲು ಕೆಲವು ದಿನ ಕೊಡುತ್ತಾರೆ. ಇದು ಸುಮ್ನೆ ಹೇಳುವ ಮಾತಲ್ಲ. 2024ರಲ್ಲಿ ಸಿಲಬಸ್ಸಿನ ಹೊರಗಿನ ಪ್ರಶ್ನೆ ಬಂದವು ಅಂತ ದೊಡ್ಡ ಗದ್ದಲ ಆಗಿ, ಎಲ್ಲ ವಿಷಯ ಕೂಡಿ 50 ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆದರು. ಪೇಪರ್ ಮುಗಿದ ಸಂಜೆ ಆ ಪ್ರಶ್ನೆಗಳಿಗಾಗಿ ಅತ್ತವರೆಲ್ಲ ಸುಮ್ಮನೆ ಅತ್ತಂತಾಯಿತು.

ಇನ್ನೊಂದು, ದಿನದ ಲೆಕ್ಕ. 2024ರಲ್ಲಿ ಕೆಮಿಸ್ಟ್ರಿ ಎರಡನೇ ದಿನ ಇತ್ತು, 2025ರಲ್ಲಿ ಮೊದಲನೇ ದಿನ, ಮರುದಿನ ಮ್ಯಾಥ್ಸ್. ಮರುದಿನ ಪೇಪರ್ ಇದ್ದರೆ ತಾಳೆ ನೋಡುವುದು ಖಂಡಿತ ಬೇಡ. ಇಲ್ಲಿ ಮಾತ್ರ ನಾನು ಹಳೆ ಮೇಷ್ಟ್ರಂತೆ ಕಟ್ಟುನಿಟ್ಟು. ಅಂಥ ದಿನ ಬಂದವರಿಗೆ ಶರಬತ್ತು ಸಿಗುತ್ತದೆ, ಚೀಟಿ ಸಿಗುವುದಿಲ್ಲ.

ಆ 0.0301ರ ಹುಡುಗಿ ಐದು ಗಂಟೆಗೆ ಎದ್ದಳು. ಬಸ್ಸಿನ ಹೊತ್ತಾಗಿತ್ತು. ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ ತಿರುಗಿ ಬಂದಳು. "ಸರ್, ಫಾರ್ಮುಲಾಕ್ಕ ಒಂದ್ ಬರ್ತೈತಲ್ರೀ?" "ಬರ್ತೈತಿ." ರಟ್ಟಿಗೆ ಸಿಕ್ಕಿಸಿದ್ದ ಪ್ರಶ್ನೆಪತ್ರಿಕೆ ತೆಗೆದು, ಖಾತ್ರಿ ಸಾಲಿನ 44ನ್ನು ಹೊಡೆದು 45 ಬರೆದಳು.